ಡಾಕ್ಟರ ಮುಂದೆ ಮಾತ್ರ ಆರಾಮ

ನನ್ನ ಗಂಡ ಬೋರ್ಡು ಬರೆಯುವ ಪೇಂಟರ್. ಒಂದು ದಿನ ಬೇಕರಿಯ ಮುಂದೆ ಏಣಿ ಹಾಕಿಕೊಂಡು ಬರೆಯುತ್ತಿದ್ದಾಗ ಯಾರೋ ಹಿಂದೆ ಮುಂದೆ ನೋಡದೆ ಕಾರು ರಿವರ್ಸ್ ತೆಗೆದರು. ಏಣಿ ಉರುಳಿತು, ಇವರ ಬಲಭುಜ ನೆಲಕ್ಕೆ ಬಡಿಯಿತು. ಅಂದಿನಿಂದ ಆ ಕೈ ಭುಜದಿಂದ ಮೇಲಕ್ಕೆ ಏಳುವುದಿಲ್ಲ. ಬೋರ್ಡು ಇರುವುದು ತಲೆಯ ಮೇಲೆ. ಕೆಲಸ ಮಾಡುವುದು ಹೇಗೆ, ನೀವೇ ಹೇಳಿ.

ದುಡಿಮೆಯಿಲ್ಲದೆ ಮನೆ ನಡೆಸುವುದು ನಮ್ಮ ಕೈಲಾಗುವ ಮಾತಲ್ಲ. ಅದಕ್ಕೇ ಪರಿಹಾರ ಕೇಳಿ ಕೋರ್ಟಿಗೆ ಹೋದೆವು. ಕಾರಿನ ವಿಮೆಯವರು, ಇದು ಸಣ್ಣ ಉಳುಕು, ಎಂದೋ ವಾಸಿಯಾಗಿದೆ ಎಂದರು. ನನಗೆ ಮೈ ಉರಿದುಹೋಯಿತು. ದಿನಾ ಬೆಳಗ್ಗೆ ಇವರಿಗೆ ಅಂಗಿ ತೊಡಿಸುವವಳು ನಾನು. ತೋಳು ತೂರಿಸುವಾಗ ಇವರು ಹಲ್ಲು ಕಚ್ಚುವುದನ್ನು ನೋಡುವವಳೂ ನಾನೇ.

ಇವರಿಗೆ ಮಾತ್ರ ಚಿಂತೆಯೇ ಇಲ್ಲ. "ಕೈ ಏಳಲ್ಲ ಅನ್ನೋದು ಕಣ್ಣಿಗೇ ಕಾಣುತ್ತಲ್ಲ. ಜಡ್ಜ್ ಮುಂದೆ ತೋರಿಸಿದ್ರಾಯ್ತು ಬಿಡೇ" ಎಂದರು.

ನಮ್ಮ ಕೇಸು ಹಿಡಿದ ಲಾಯರಮ್ಮ ಒಪ್ಪಲಿಲ್ಲ. "ಕೈ ಎತ್ತದೆ ನಿಲ್ಲೋದು ಯಾರಿಗೆ ಬರಲ್ಲ ಅಣ್ಣಾ? ಒಳಗೆ ಏನಾಗಿದೆ, ಬಿದ್ದಿದ್ದರಿಂದಲೇ ಆಯ್ತಾ, ಇನ್ನು ಕೆಲಸಕ್ಕೆ ಎಷ್ಟು ಬರುತ್ತೆ, ಇದನ್ನ ಡಾಕ್ಟ್ರು ಹೇಳಬೇಕು. ಎಕ್ಸ್‌ರೇ ಎಲ್ಲಿ?"

ಇವರು ಚೀಲದಿಂದ ತೆಗೆದುಕೊಟ್ಟರು. ಆ ಎಕ್ಸ್‌ರೇ ಹಾಳೆಯಲ್ಲಿ ಭುಜದ ಮೂಳೆಯ ನಟ್ಟನಡುವೆ "ವಾಹನ ನಿಲ್ಲಿಸಬೇಡಿ" ಎಂಬ ಅಕ್ಷರಗಳ ಆಕಾರದ ತೂತುಗಳಿದ್ದವು. ಬಲಗೈಯಲ್ಲಿ ಬರೆಯಲಾಗದೆ, ಎಡಗೈಯಲ್ಲಿ ಬಣ್ಣ ಒತ್ತಲು ಅದನ್ನೇ ಅಚ್ಚಾಗಿ ಕತ್ತರಿಸಿಕೊಂಡಿದ್ದರು. ಒಳ್ಳೇ ಗಟ್ಟಿ ಹಾಳೆ, ಸುಮ್ಮನೆ ಬಿದ್ದಿತ್ತು ಎಂದು ಸಮಜಾಯಿಷಿ ಬೇರೆ. ತಲೆ ಚಚ್ಚಿಕೊಳ್ಳೋಣ ಅನ್ನಿಸಿತು ನನಗೆ.

ಪುಣ್ಯಕ್ಕೆ ಆಸ್ಪತ್ರೆಯಲ್ಲಿ ಪ್ರತಿ ಇತ್ತು. ಅದರ ಜೊತೆಗೆ ಚಿಕಿತ್ಸೆಯ ದಾಖಲೆಯೂ ಬಂತು. ಅದನ್ನು ಓದಿದ ಲಾಯರಮ್ಮನ ಮುಖ ಸಪ್ಪಗಾಯಿತು. ಇವರು ಹೋದಾಗಲೆಲ್ಲ ಡಾಕ್ಟರು ಬರೆದಿದ್ದರು: ರೋಗಿ ಆರಾಮವಾಗಿದ್ದಾರೆ, ನೋವಿಲ್ಲ ಎನ್ನುತ್ತಾರೆ. ವ್ಯಾಯಾಮದ ಚಿಕಿತ್ಸೆಗೂ ಇವರು ಅರ್ಧಕ್ಕೇ ಚಕ್ಕರ್ ಹೊಡೆದಿದ್ದರು. ವಿಮೆಯವರು ಹಿಡಿದುಕೊಂಡಿದ್ದು ಇದನ್ನೇ.

ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ.

"ಅಷ್ಟು ಜನ ಕಾಯ್ತಿರ್ತಾರೆ. ಡಾಕ್ಟ್ರು ಪಾಪ, ಹೇಗಿದ್ದೀರಿ ಅಂತ ನಗ್ತಾ ಕೇಳ್ತಾರೆ. ಆರಾಮ್ ಸರ್ ಅಂತೀನಿ. ಅವರ ಮುಂದೆ ಗೋಳು ತೋಡ್ಕೊಳ್ಳೋದು ಮರ್ಯಾದೇನಾ?"

ಮನೆಯಲ್ಲಿ ಕಾಫಿ ತಣ್ಣಗಾದರೆ ಬೀದಿಗೆ ಕೇಳುವಂತೆ ಕೂಗುವ ಮನುಷ್ಯ ಇವರು. ಡಾಕ್ಟರ ಮುಂದೆ ಮಾತ್ರ ಆರಾಮ.

ಲಾಯರಮ್ಮ ತಾಳ್ಮೆಯಿಂದ ಬಿಡಿಸಿ ಹೇಳಿದರು. "ಇಲ್ಲದ್ದನ್ನ ಸೇರಿಸಬೇಡಿ, ಇರೋದನ್ನ ಮುಚ್ಚಬೇಡಿ. ನೀವು ಹೇಳದೇ ಇದ್ರೆ ಅವರು ಬರೆಯೋದು ಹೇಗೆ?"

ಮುಂದಿನ ಸಲ ನಾನೂ ಜೊತೆಗೆ ಹೋದೆ. ಡಾಕ್ಟರು ಹೇಗಿದ್ದೀರಿ ಎಂದರು. ಇವರು ಎಂದಿನಂತೆ ನಗುತ್ತಾ ಬಾಯಿ ತೆರೆದರು. ನಾನು ದುರುಗುಟ್ಟಿ ನೋಡಿದೆ. ಆ ನಗು ಅಲ್ಲೇ ಇಳಿದುಹೋಯಿತು.

"ಆರಾಮಿಲ್ಲ ಸರ್. ಅಂಗಿ ಇವಳೇ ಹಾಕಬೇಕು. ಬ್ರಷ್ ಹಿಡಿದ್ರೆ ಕೈ ನಡುಗುತ್ತೆ. ಇನ್ಮೇಲೆ ಅಕ್ಷರ ಬರೆಯೋಕೇ ಆಗಲ್ವೇನೋ ಅಂತ ಭಯ ಆಗಿದೆ."

ಆ ಭಯ ನನಗೂ ಗೊತ್ತಿರಲಿಲ್ಲ. ನನ್ನ ಸಿಟ್ಟೆಲ್ಲ ಕರಗಿತು.

ಡಾಕ್ಟರು ಕೈ ಎಷ್ಟು ಏಳುತ್ತದೆಂದು ಅಳೆದು ನೋಡಿದರು, ಹೊಸದಾಗಿ ಸ್ಕ್ಯಾನ್ ಮಾಡಿಸಿದರು. ಎಕ್ಸ್‌ರೇಯಲ್ಲಿ ಕಾಣದಿದ್ದದ್ದು ಅದರಲ್ಲಿ ಕಂಡಿತು. ಭುಜದ ಸ್ನಾಯು ಹರಿದಿತ್ತು. ಅಂದು ಬಿದ್ದ ಪೆಟ್ಟಿನಿಂದಲೇ ಹೀಗಾಗಿದೆ ಎಂದು ಬರೆದುಕೊಟ್ಟರು. ಕೋರ್ಟಿಗೆ ಬಂದು ಹೇಳಲೂ ಒಪ್ಪಿದರು. ಇವರು ಈಗ ವ್ಯಾಯಾಮಕ್ಕೆ ನಾನು ಹೇಳುವ ಮೊದಲೇ ಹೊರಡುತ್ತಾರೆ.

ಕೇಸು ಇನ್ನೂ ನಡೆಯುತ್ತಿದೆ. ಗೆದ್ದೇ ಗೆಲ್ಲುತ್ತೇವೆಂದು ನಾನು ಹೇಳಲಾರೆ. ಆದರೆ ಉಳುಕು ಎಂದು ತಳ್ಳಿಹಾಕಲು ಈಗ ಯಾರಿಗೂ ಆಗುವುದಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಅಪಘಾತವಾದರೆ ತಡಮಾಡದೆ ಡಾಕ್ಟರ ಬಳಿ ಹೋಗಿ. ಎಕ್ಸ್‌ರೇ, ಚೀಟಿ, ಏನನ್ನೂ ಎಸೆಯಬೇಡಿ, ಕತ್ತರಿಸಲೂಬೇಡಿ. ಚಿಕಿತ್ಸೆ ಅರ್ಧಕ್ಕೆ ಬಿಡಬೇಡಿ. ಡಾಕ್ಟರು ಹೇಗಿದ್ದೀರಿ ಎಂದು ಕೇಳುವುದು ಕುಶಲ ವಿಚಾರಿಸಲಿಕ್ಕಲ್ಲ. ಮನೆಯಲ್ಲಿ ಅಂಗಿ ತೊಡಿಸುವವರಿಗೆ ಗೊತ್ತಿರುವ ನೋವನ್ನು ಅವರಿಗೂ ಹೇಳಿ.