ಕಿವಿ ನೋಡಿ ಮಾತಾಡಿಸುವವರು

ನಮ್ಮ ಬೀದಿಯ ಅಕ್ಕಸಾಲಿಗರು ಯಾರ ಮುಖವನ್ನೂ ಮೊದಲು ನೋಡುವವರಲ್ಲ. ಮೆಟ್ಟಿಲು ಹತ್ತಿ ಬಂದವರ ಕಿವಿಗಳನ್ನು ಎಡಬಲ ಪರಾಂಬರಿಸಿ, ಕೆಂಪೋ ಬಾವೋ ಇಲ್ಲವೆಂದು ಖಾತ್ರಿಯಾದ ಮೇಲಷ್ಟೇ ಅವರ ದೃಷ್ಟಿ ಸಾವಕಾಶವಾಗಿ ಕಣ್ಣುಮೂಗುಗಳ ಕಡೆಗೆ ಪ್ರಯಾಣ ಬೆಳೆಸುತ್ತದೆ. ಮೊಣಕಾಲಿನವರೆಗೆ ಇಳಿಬಿದ್ದ ಬೂದು ಕೋಟಿನ ಜೇಬಿನಲ್ಲಿ ಸದಾ ಒಂದು ಪುಟ್ಟ ಸೀಸೆ, ಒಂದಿಷ್ಟು ಹತ್ತಿ. ಸೀಸೆಯ ದ್ರವದಲ್ಲಿ ಅದ್ದಿ ಲೋಹಕ್ಕೆ ಉಜ್ಜಿದ ಹತ್ತಿ ಗುಲಾಬಿಯಾಯಿತೋ, ಅದರಲ್ಲಿ ನಿಕ್ಕಲ್ ಇದೆಯೆಂದು ಅರ್ಥ. ಎಷ್ಟೋ ಜನರ ತುರಿಕೆಗೆ ಅದೇ ಮೂಲಪುರುಷ. ನಾಲ್ಕು ಜನ ನೋಡಲೆಂದೇ ನಾನು ತೋಳು ಮಡಚಿ ಮೆರೆಸುತ್ತಿದ್ದ ಗಡಿಯಾರದ ಮೇಲೂ ಒಮ್ಮೆ ಆ ಹತ್ತಿ ಆಡಿ ಗುಲಾಬಿಯಾಯಿತು. "ಚೆನ್ನಾಗಿದೆ ಸ್ವಾಮಿ, ಗೋಡೆಗೆ ಹಾಕ್ಕೊಳ್ಳಿ" ಎಂದರು.

ನನ್ನ ಹೆಂಡತಿಗೆ ಅವಳಮ್ಮನಿಂದ ಉಳಿದದ್ದು ಒಂದು ಜೊತೆ ಬಂಗಾರದ ಓಲೆ. ಹಾಕಿಕೊಂಡ ಎರಡನೇ ದಿನಕ್ಕೇ ಕಿವಿ ಊದಿ ನೀರು ಸೋರುತ್ತಿತ್ತು. "ಬಂಗಾರ ಯಾರಿಗಾದರೂ ಆಗದೆ ಇರುತ್ತಾ? ಎಲ್ಲಾ ನಿನ್ನ ಭ್ರಮೆ" ಎಂದು, ವೈದ್ಯಶಾಸ್ತ್ರದ ಗಂಧಗಾಳಿಯಿಲ್ಲದ ನಾನು ಎರಡು ವರ್ಷ ತೀರ್ಪು ಕೊಡುತ್ತಲೇ ಬಂದೆ. ಕಡೆಗೆ ಅವಳು ಮನಸ್ಸು ಕಲ್ಲು ಮಾಡಿಕೊಂಡು, ತಂಗಿಗೆ ಕೊಟ್ಟುಬಿಡುವ ಮುನ್ನ ಹೊಳಪು ಹಾಕಿಸಲೆಂದು ಅಮ್ಮನ ಓಲೆಗಳನ್ನು ಅಕ್ಕಸಾಲಿಗರ ಮುಂದಿಟ್ಟಳು.

ಮುಂಭಾಗಕ್ಕೆ ಉಜ್ಜಿದ ಹತ್ತಿ ಬೆಳ್ಳಗೇ ಉಳಿಯಿತು. ಕಿವಿಯೊಳಗೆ ಹೋಗುವ ಕಡ್ಡಿಗೆ ಉಜ್ಜಿದ್ದು ಗುಲಾಬಿಯಾಯಿತು. ತಕ್ಷಣ ನನ್ನ ನ್ಯಾಯಪ್ರಜ್ಞೆ ಎಚ್ಚೆತ್ತು, "ಯಾವನೋ ಅಡ್ಡಕಸುಬಿ ರಿಪೇರಿ ಮಾಡಿದ್ದಾನೆ, ಸಿಕ್ಕರೆ ಬಿಡಬಾರದು!" ಎಂದೆ.

ಅವರು ಕಡ್ಡಿಯ ತುದಿಯನ್ನು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು.

"ಸಿಕ್ಕಿದಾನೆ. ತುದೀನ ಹೀಗೆ ಓರೆಯಾಗಿ ಉಜ್ಜೋನು ನಾನೊಬ್ಬನೇ. ಕಡ್ಡಿ ಬಾಗತ್ತೆ ಅಂತ ನಿಮ್ಮಮ್ಮ ತಂದಿರಬೇಕು ತಾಯಿ. ಗಟ್ಟಿ ಇರ್ಲಿ ಅಂತ ನಿಕ್ಕಲ್ ಬೆರೆತ ಬಿಳಿ ಲೋಹ ಬೆಸೆದು ಮೇಲೆ ಬಂಗಾರದ ನೀರು ಕೊಟ್ಟಿದೀನಿ, ಅದೀಗ ಸವೆದಿದೆ. ಆಗ ನಂಗೂ ತಿಳೀತಿರ್ಲಿಲ್ಲ."

"ಅಮ್ಮಂಗೆ ಏನೂ ಆಗ್ಲಿಲ್ವಲ್ಲಾ?" ಎಂದಳು ಇವಳು.

"ಎಲ್ಲರ ಚರ್ಮಾನೂ ಒಂದೇ ಥರ ಇರಲ್ಲಮ್ಮ."

ಅವರು ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹಳೆಯ ಕಡ್ಡಿ ಕಿತ್ತು, ಚರ್ಮಕ್ಕೆ ಒಗ್ಗುವ ಟೈಟಾನಿಯಂ ಬೆಸುಗೆಗೆ ಬಗ್ಗುವ ಲೋಹವಲ್ಲವಾದ್ದರಿಂದ ಓಲೆಗೆ ಬಂಗಾರದ ಸಣ್ಣ ಉಂಗುರವೊಂದನ್ನು ಕೂಡಿಸಿ, ಅದರಿಂದ ಟೈಟಾನಿಯಂ ಕೊಕ್ಕೆಗೆ ತೂಗುಬಿಟ್ಟರು. "ಕಿವಿ ಪೂರ್ತಿ ಮಾಯೋ ತನಕ ಹಾಕ್ಬೇಡಿ. ಆಮೇಲೂ ಸೆಂಟು ತಾಗಿಸ್ಬೇಡಿ, ಸಾಬೂನು ನೀರಲ್ಲಿ ತೊಳೆದು ಒಣಗಿಸಿಡಿ" ಎಂದು ಮೂರು ಸಲ ಹೇಳಿದರು. ಓಲೆ ಈಗ ತಿಂಗಳಿಂದ ಇವಳ ಕಿವಿಯಲ್ಲೇ ಇದೆ. ತಂಗಿಗೆ ಕೊಡುವ ಮಾತು ಮತ್ತೆ ಎದ್ದಿಲ್ಲ.

ಹೊಗಳಿಕೆ ಬಂದಾಗ ತಮ್ಮ ಕೈಚಳಕವನ್ನು ಗುರುತಿಸಿಕೊಳ್ಳುವ ಕುಶಲಕರ್ಮಿಗಳು ಲೋಕದಲ್ಲಿ ಬೇಕಾದಷ್ಟಿದ್ದಾರೆ. ನನ್ನಂಥವರಿಗಂತೂ ಬೇರೆಯವರ ಕೆಲಸದಲ್ಲೂ ನಮ್ಮ ಕೈಯೇ ಕಾಣುತ್ತದೆ. ಆದರೆ ಇನ್ನೊಬ್ಬರ ನೋವಿನಲ್ಲಿ ತಮ್ಮ ಕೈಬರಹವನ್ನು ಓದಿ, ಪಶ್ಚಾತ್ತಾಪದ ಭಾಷಣವನ್ನೂ ಮಾಡದೆ, ಮರುಕ್ಷಣವೇ ಇಕ್ಕಳ ಹಿಡಿದು ಕೂರುವವರು ವಿರಳ. ಅಂಥವರ ಕೈಗೆ ಕಿವಿಯನ್ನಷ್ಟೇ ಅಲ್ಲ, ಅಮ್ಮನ ನೆನಪನ್ನೂ ಕಣ್ಣುಮುಚ್ಚಿ ಒಪ್ಪಿಸಬಹುದು.