ಇರುವೆ ಸಿಸ್ಟರ್ ಹಲ್ಲುನೋವು

"ಏನಾದ್ರೂ ಅನ್ನಿಸ್ತಾ ಸಿಸ್ಟರ್?" ಮಂಜಿನಷ್ಟು ತಣ್ಣಗಿದ್ದ ಹತ್ತಿಯುಂಡೆಯನ್ನು ದವಡೆಹಲ್ಲಿಗೆ ಮುಟ್ಟಿಸಿ ಹಲ್ಲಿನ ಡಾಕ್ಟರ್ ಕೇಳಿದಳು.

"ಏನೂ ಇಲ್ಲ," ಎಂದಳು ಸಿಸ್ಟರ್.

ಹಸಿ ಸುಳ್ಳು. ನೋವು ಕಿವಿ ಹಾದು ನೆತ್ತಿಗೇರಿತ್ತು. ಆದರೆ ಊರಿನ ಮಕ್ಕಳಿಗೆಲ್ಲ ಲಸಿಕೆ ಚುಚ್ಚುತ್ತ, "ನೋವೇ ಆಗಲ್ಲ ಕಂದಾ, ಇರುವೆ ಕಚ್ಚಿದ ಹಾಗೆ ಅಷ್ಟೇ" ಎಂದು ಹೇಳಿ ಹೇಳಿ 'ಇರುವೆ ಸಿಸ್ಟರ್' ಎಂದೇ ಹೆಸರಾದವಳು ಈಗ ಅಯ್ಯೋ ಅಮ್ಮಾ ಎನ್ನುವುದುಂಟೆ? ಅದೂ ಈ ಡಾಕ್ಟರ ಮಗನನ್ನೇ ಹೋದ ವಾರ, "ಇಷ್ಟಕ್ಕೆಲ್ಲ ಅಳ್ತಾರೇನೋ ಪುಟ್ಟಾ" ಎಂದು ಹಂಗಿಸಿದ್ದಳು.

ಡಾಕ್ಟರ್ ಮತ್ತೆ ಮುಟ್ಟಿಸಿದಳು. "ಈಗ?"

"ಊಹೂಂ."

ಡಾಕ್ಟರ ಮುಖ ಸಪ್ಪಗಾಯಿತು. "ಹಾಗಾದ್ರೆ ಒಳಗಿನ ನರ ಸತ್ತಿರಬೇಕು. ರೂಟ್ ಕೆನಾಲೇ ಗತಿ. ಜೀವ ಇದ್ದಿದ್ರೆ ನರದ ಊದಿರೋ ಮೇಲಿನ ಭಾಗ ಮಾತ್ರ ತೆಗೆದು, ಬೇರಿನೊಳಗೆ ಇರೋದನ್ನ ಉಳಿಸೋಕೆ ನೋಡಬಹುದಿತ್ತು. ಹಲ್ಲನ್ನ ಜಾಸ್ತಿ ಕೊರೆಯೋದೂ ತಪ್ತಿತ್ತು."

ಸಿಸ್ಟರಿಗೆ ರೂಟ್ ಕೆನಾಲ್ ಹೊಸದಲ್ಲ. ಎಡಗಡೆ ಹಿಂದೊಮ್ಮೆ ರೂಟ್ ಕೆನಾಲ್ ಆಗಿತ್ತು. ನೋವು ಹೋಯಿತಲ್ಲ ಎಂದು ಮೇಲಿನ ಕ್ಯಾಪನ್ನು ನಾಳೆ ನಾಡಿದ್ದು ಎಂದು ಮುಂದೂಡಿ, ಕೊನೆಗೆ ಹಲ್ಲು ಸೀಳಿ ಕೀಳಿಸಬೇಕಾಯಿತು. ತಪ್ಪು ಅವಳದೇ. ಆದರೆ ಈಗ ಅಗಿಯಲು ಉಳಿದಿರುವುದು ಈ ಬಲಗಡೆ ಒಂದೇ. ಮಾನ ನೋಡುತ್ತ ಕೂತರೆ ಹಲ್ಲು ಹೋದೀತು.

"ಡಾಕ್ಟ್ರೇ, ಸುಳ್ಳು ಹೇಳ್ದೆ. ಪ್ರಾಣ ಹೋಯ್ತು."

"ಈಗ?"

"ಇನ್ನೂ ಜುಮ್ ಅಂತಿದೆ."

"ಸದ್ಯ!" ಡಾಕ್ಟರ್ ನಕ್ಕೇಬಿಟ್ಟಳು. "ಜೀವ ಇದೆ. ಆದ್ರೆ ಒಳಗೆ ನೋಡಿದ ಮೇಲೇ ಗ್ಯಾರಂಟಿ. ಊದಿದ್ದನ್ನ ತೆಗೆದ ಮೇಲೆ ರಕ್ತ ನಿಂತ್ರೆ ಉಳಿಸೋಣ, ನಿಲ್ಲದಿದ್ರೆ ರೂಟ್ ಕೆನಾಲ್." ಮರಗಟ್ಟಿಸುವ ಸೂಜಿ ಎತ್ತಿಕೊಂಡು, "ಇರುವೆ ಕಚ್ಚಿದ ಹಾಗೆ ಅಷ್ಟೇ ಸಿಸ್ಟರ್," ಎಂದಳು.

ಸೂಜಿ ಹೊರಬಂದದ್ದೇ ತಡ, ಸಿಸ್ಟರ್, "ಇರುವೆಯಲ್ಲ, ಚೇಳು!" ಎಂದಳು.

ಕೊರೆದದ್ದಾಯಿತು, ಊದಿದ್ದನ್ನು ತೆಗೆದದ್ದೂ ಆಯಿತು. ಒದ್ದೆ ಹತ್ತಿ ಒತ್ತಿಟ್ಟು ಡಾಕ್ಟರ್ ಗೋಡೆ ಗಡಿಯಾರ ನೋಡುತ್ತ ಕೂತಳು. ಮಾಸ್ಕಿನ ಮೇಲಿನ ಆ ಹುಬ್ಬುಗಳನ್ನೇ ಸಿಸ್ಟರ್ ನೋಡುತ್ತಿದ್ದಳು. ಹತ್ತಿ ಮೇಲೆ ಬಂತು. ಹುಬ್ಬು ಸಡಿಲವಾಯಿತು.

"ನಿಂತಿದೆ."

ಕೆನ್ನೆ ಮರಗಟ್ಟಿತ್ತಾದ್ದರಿಂದ, ತಾನು ಅಳುತ್ತಿದ್ದೇನೆಂದು ಸಿಸ್ಟರಿಗೆ ತಿಳಿದದ್ದು ಕಣ್ಣೀರು ಕಿವಿಗೆ ಇಳಿದ ಮೇಲೆ. ಅವಳು ಒರೆಸಿಕೊಳ್ಳಲಿಲ್ಲ. ಹಾಯೆನಿಸಿತ್ತು.

ಮರುವಾರ ಲಸಿಕೆ ಕೋಣೆಯಲ್ಲಿ ಒಬ್ಬ ಪುಟ್ಟ ಹುಡುಗಿ ತೋಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಿದ್ದಳು. "ಇರುವೆ ಕಚ್ಚಿದ ಹಾಗಾ ಆಂಟಿ?"

ಸಿಸ್ಟರ್ ಅಭ್ಯಾಸಬಲದಿಂದ ಬಾಯಿ ತೆರೆದವಳು ತಡೆದುಕೊಂಡಳು. "ಅದಕ್ಕಿಂತ ಸ್ವಲ್ಪ ದೊಡ್ಡದು ಕಂದಾ. ನೋವಾಗತ್ತೆ. ಆಮೇಲೆ ಹೋಗತ್ತೆ."

"ಎಷ್ಟು ದೊಡ್ಡದು?"

ಸಿಸ್ಟರ್ ಹೆಬ್ಬೆರಳು ತೋರುಬೆರಳ ನಡುವೆ ಅಳತೆ ತೋರಿಸಿದಳು. ಹುಡುಗಿ ಅಷ್ಟೇ ಅಳತೆಯನ್ನು ತನ್ನ ಬೆರಳುಗಳಲ್ಲಿ ಹಿಡಿದು ನೋಡಿದಳು. ಆಮೇಲೆ ತಾನೇ ಅಂಗಿಯ ತೋಳು ಮೇಲೇರಿಸಿಕೊಂಡಳು.