ಒದ್ದೆ ಕುರ್ಚಿ

"ಕಣ್ಣೇನು ಮನೇಲಿಟ್ಟು ಬಂದಿದ್ದೀಯೇನೇ, ಮುಂಡೇದೆ? ದಣಿಗಳ ಫೋಟೊಗೆ ಪೊರಕೆ ತಾಗಿಸ್ತೀಯಲ್ಲ!"

ಲೈಬ್ರರಿ ಸಾಹೇಬನ ಬಾಯಿ ಬೆಳಗ್ಗೆ ಬಾಗಿಲಿನ ಜೊತೆಗೇ ತೆರೆದುಕೊಳ್ಳುತ್ತಿತ್ತು. ಕಸ ಗುಡಿಸುವವಳು ತಲೆ ತಗ್ಗಿಸಿ ಪೊರಕೆಯನ್ನು ಪಕ್ಕಕ್ಕೆ ಸರಿಸಿದಳು.

ನಾಳೆ ಊರಿನ ಹಳೆಯ ಫೋಟೊಗಳ ಪ್ರದರ್ಶನ. ನಡುಗೋಡೆಗೆ ದೊಡ್ಡ ದಣಿಯ ಫೋಟೊ. ಅದರ ಕೆಳಗೆ, ಫೋಟೊದಲ್ಲಿ ಅವನು ಕೂತಿದ್ದ ಅದೇ ಕೆತ್ತನೆಯ ಕುರ್ಚಿ. ಅವನ ಮೊಮ್ಮಗ ಬಂದು ಪರದೆ ಸರಿಸಬೇಕು.

"ಆ ಮುಖದ ಗಾಂಭೀರ್ಯ ನೋಡು," ಎಂದ ಸಾಹೇಬ. "ಅಂಥವರು ಈಗೆಲ್ಲಿ ಹುಟ್ತಾರೆ?"

ಗಾಂಭೀರ್ಯವಂತೆ! ಅದರ ಗುಟ್ಟು ಅವಳಿಗೆ ಗೊತ್ತಿತ್ತು. ಅವಳ ತಾತ ದಣಿಯ ಮನೆಯ ಆಳು. ಫೋಟೊದವನು ಕ್ಯಾಮೆರಾ ಹೂಡಿ ಬೆಳಕು ನೋಡುವವರೆಗೆ ದಣಿ ಬಿಸಿಲಲ್ಲಿ ಕೂರುವುದುಂಟೇ? "ಲೋ, ನೀನು ಕೂತ್ಕೊಳೋ" ಎಂದು ಫೋಟೊದವನೇ ತಾತನನ್ನು ಕೂರಿಸಿ, ಪರೀಕ್ಷೆಗೊಂದು ಫೋಟೊ ತೆಗೆದನಂತೆ. ಆಳು ತನ್ನ ಕುರ್ಚಿಯಲ್ಲಿ ಕೂತಿದ್ದನ್ನು ಕಂಡ ದಣಿ ತಾತನ ಬೆನ್ನಿಗೆ ನಾಲ್ಕು ಬಿಗಿದು, ಅವನ ಕೈಯಲ್ಲೇ ಕುರ್ಚಿ ತೊಳೆಸಿದನಂತೆ. ಒಣಗುವವರೆಗೆ ಕಾಯುವ ತಾಳ್ಮೆ ಎಲ್ಲಿಯದು? ಒದ್ದೆಯಲ್ಲೇ ಕೂತ. ಬಟ್ಟೆ ಅಂಡಿಗೆ ಅಂಟಿಕೊಂಡವನ ಮುಖ ಇನ್ನು ಹೇಗಿದ್ದೀತು!

ತಾತ ಸಾಯುವವರೆಗೂ ಇದನ್ನು ಹೇಳಿದ. ಒಬ್ಬರೂ ನಂಬಲಿಲ್ಲ. ಬೊಗಳೆ ಬಿಡುವವನೆಂದು ಊರು ಅವನಿಗೆ ಕುರ್ಚಿ ಎಂದೇ ಅಡ್ಡಹೆಸರಿಟ್ಟಿತು. ಅವಳು ಅಂಗಡಿಗೆ ಹೋದರೂ ಅದೇ ಮಾತು: "ಬಂದಳಪ್ಪ ಕುರ್ಚಿ ಮೊಮ್ಮಗಳು, ಜಾಗ ಬಿಡಿ."

ಸಾಹೇಬ ಒಂದು ರಟ್ಟಿನ ಪೆಟ್ಟಿಗೆಯನ್ನು ಕಾಲಲ್ಲಿ ತಳ್ಳಿದ. "ದಣಿಗಳ ಮನೆಯಿಂದ ಬಂದ ರದ್ದಿ. ಹಿತ್ತಲಲ್ಲಿ ಸುಟ್ಹಾಕು. ಆಮೇಲೆ ಆ ಫೋಟೊ ಗಾಜು ಒರೆಸಿ ಪರದೆ ಎಳೆ." ಹೇಳಿ ಊಟಕ್ಕೆ ಹೋದ.

ಕಡ್ಡಿ ಗೀರುವ ಮೊದಲು ಅವಳು ಪೆಟ್ಟಿಗೆಯಲ್ಲಿ ಕೈಯಾಡಿಸಿದಳು. ತಳದಲ್ಲಿ ಅದೇ ಅಳತೆಯ ಇನ್ನೊಂದು ಫೋಟೊ. ಅದೇ ಕುರ್ಚಿ. ಹರಕು ಅಂಗಿ, ಬರಿಗಾಲು, ಕಾಲ ಮೇಲೆ ಕಾಲು. ಹಲ್ಲು ಬಿಟ್ಟು ನಗುತ್ತ ಕೂತಿದ್ದ ತಾತ!

"ಅಯ್ಯೋ ನನ್ನಪ್ಪಾ, ದಿಟವಾಗ್ಲೂ ಕೂತಿದ್ಯಲ್ಲೋ!"

ಮೊದಲು ಅಳು ಬಂತು, ಬೆನ್ನಿಗೇ ನಗು. ಅವಳು ಒಳಗೆ ಹೋಗಿ ಚೌಕಟ್ಟನ್ನು ಇಳಿಸಿ, ಹಿಂದಿನ ಮೊಳೆ ಕೀಳತೊಡಗಿದಳು.

ಮರುದಿನ ಲೈಬ್ರರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೊಮ್ಮಗ ದಣಿ ಜನರ ಕಡೆಗೇ ಮುಖ ಮಾಡಿ ಪರದೆಯ ದಾರ ಎಳೆದ. "ನೋಡಿ, ನಮ್ಮ ತಾತ! ಈ ಕಳೆ ನನ್ನ ಮುಖದಲ್ಲೂ ಇದೆ ಅಂತಾರೆ."

ಚಪ್ಪಾಳೆಗೆ ಎತ್ತಿದ ಕೈಗಳು ಅಲ್ಲೇ ನಿಂತವು. ಹಿಂದೆ ನಿಂತಿದ್ದ ಕೂಲಿಯವರ ಗುಂಪಿನಿಂದ ಮುದುಕನೊಬ್ಬ ಕೂಗಿದ: "ಲೇ, ನಮ್ಮ ಕುರ್ಚಿ ಕಣ್ರೋ ಅದು! ಸುಳ್ಳು ಹೇಳಿರ್ಲಿಲ್ಲ ನನ್ಮಗ!"

ಗುಂಪು ಬಿದ್ದು ಬಿದ್ದು ನಕ್ಕಿತು. ದಣಿ ತಿರುಗಿ ನೋಡಿದ. "ಯಾವ ಬೋಳಿಮಗಂದೋ ಈ ಕೆಲಸ?"

"ಮಗಂದಲ್ಲ, ಮೊಮ್ಮಗಳ್ದು."

ಅವಳು ಮುಂದೆ ಬಂದು ಪೊರಕೆಯನ್ನು ಸಾಹೇಬನ ಕೈಗಿಟ್ಟಳು. ತಾತನ ಫೋಟೊದ ಕೆಳಗಿದ್ದ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಳು.

"ಹೋಗಿ ನೀರು ತನ್ನಿ, ದಣಿ," ಎಂದಳು. "ನಾನು ಎದ್ದ ಮೇಲೆ ತೊಳೀಬೇಕಲ್ಲ?"

ಏಳುವ ಆತುರವೇನೂ ಅವಳಿಗಿರಲಿಲ್ಲ.